ಆಖ್ಟರ್‌ಲೋನಿ ಎಂಬ ಹೆಸರಿನ ಬೆನ್ನು ಹತ್ತಿ: ‘ಸ್ಕಾಟ್‌ಲೆಂಡ್ಸ್ ಪೀಪಲ್’ ದಾಖಲೆ ಸೇವೆಯ ವಿಮರ್ಶೆ

ಸ್ಕಾಟ್‌ಲೆಂಡಿನ ರಾಷ್ಟ್ರೀಯ ದಾಖಲೆ ಇಲಾಖೆ ನಡೆಸುವ ‘ಸ್ಕಾಟ್‌ಲೆಂಡ್ಸ್ ಪೀಪಲ್’ ಎಂಬ ಜಾಲತಾಣವನ್ನು ಕಳೆದ ಮಳೆಗಾಲದ ಉದ್ದಕ್ಕೂ ಶಿವಮೊಗ್ಗದ ನಮ್ಮ ಮನೆಯಲ್ಲಿ ಕುಳಿತು ಬಳಸಿದ್ದೇನೆ. ಆ ದೇಶದಲ್ಲಿ ಹುಟ್ಟಿದವರ, ಮದುವೆಯಾದವರ, ತೀರಿಕೊಂಡವರ ದಾಖಲೆಗಳನ್ನು ಹುಡುಕಿಕೊಡುವ ಈ ಸೇವೆಯಿಂದ ಮಲೆನಾಡಿನವರಾದ ನಮಗೆ ಆಗಬೇಕಾದ್ದೇನು ಎಂದು ನಮ್ಮ ಮನೆಯಲ್ಲೇ ಕೇಳಿದರು. ನನಗೆ ಬೇಕಾಗಿದ್ದದ್ದು ಒಂದು ಮನೆತನದ ಹೆಸರಿನ ಮೂಲ ಮತ್ತು ಹರಹು. ಆ ಹೆಸರು ಆಖ್ಟರ್‌ಲೋನಿ. ಸ್ಕಾಟ್‌ಲೆಂಡಿನಲ್ಲಿ ಸ್ಮಿತ್, ಬ್ರೌನ್, ವಿಲ್ಸನ್ ಎಂಬ ಹೆಸರಿನವರು ಊರೂರಿನಲ್ಲಿ ಸಿಗುತ್ತಾರೆ. ಆಖ್ಟರ್‌ಲೋನಿಗಳು ಬೆರಳೆಣಿಕೆಯ ಮನೆತನಗಳವರು. ಹಾಗಿದ್ದೂ ಈ ಹೆಸರು ನನ್ನ ಕೈಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಓಡಾಡಿದೆ. ಅದು ಹೇಗೆ ಎಂಬುದನ್ನು ಮೊದಲು ಹೇಳದೆ ಹೋದರೆ, ಈ ಸೇವೆ ನನಗೆ ಏನು ಕೊಟ್ಟಿತು, ಏನನ್ನು ಕೊಡಲಾರದು ಎಂಬುದು ಓದುವವರಿಗೆ ಸ್ಪಷ್ಟವಾಗಲಾರದು.

ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ವಿದ್ಯಾರ್ಥಿಗಳಿಗೆ ಕಲಿಸುವ ಪ್ರಯೋಗಗಳಲ್ಲಿ ‘ಆಖ್ಟರ್‌ಲೋನಿ ಪರೀಕ್ಷೆ’ ಎಂಬುದೊಂದಿದೆ. ಅಗರ್ ಪುಡಿಯನ್ನು ಉಪ್ಪಿನ ದ್ರಾವಣದಲ್ಲಿ ಕುದಿಸಿ, ಸ್ವಲ್ಪ ಆರಿದ ಮೇಲೆ ಪೆಟ್ರಿ ತಟ್ಟೆಗೆ ಸುರಿದರೆ ಅದು ಹಾಲುಬಾಯಿಯ ಹಾಗೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನಲ್ಲಿ ನಡುವೆ ಒಂದು, ಸುತ್ತ ಆರು ಸಣ್ಣ ಕುಳಿಗಳನ್ನು ಕೊರೆಯಬೇಕು. ನಡುವಿನ ಕುಳಿಗೆ ಪ್ರತಿಕಾಯಗಳಿರುವ ಸೀರಂ (ರಕ್ತದ ತಿಳಿಭಾಗ), ಸುತ್ತಲಿನ ಕುಳಿಗಳಿಗೆ ಬೇರೆ ಬೇರೆ ಆ್ಯಂಟಿಜನ್ (ಪ್ರತಿಕಾಯಗಳು ಗುರುತಿಸಿ ಹಿಡಿಯುವ ವಸ್ತು) ಹಾಕಿ, ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಬೇಕು. ಮರುದಿನ ತಟ್ಟೆಯನ್ನು ಕಪ್ಪು ಹಿನ್ನೆಲೆಯ ಮೇಲೆ, ಪಕ್ಕದಿಂದ ಬೆಳಕು ಬೀಳುವಂತೆ ಹಿಡಿದರೆ, ಒಂದಕ್ಕೊಂದು ಹೊಂದುವ ಕುಳಿಗಳ ನಡುವೆ ಕೂದಲೆಳೆಯಷ್ಟು ತೆಳ್ಳಗಿನ ಬಿಳಿ ಗೆರೆ ಮೂಡಿರುತ್ತದೆ. ಅಕ್ಕಪಕ್ಕದ ಎರಡು ಗೆರೆಗಳು ತುದಿಯಲ್ಲಿ ಕೂಡಿ ಒಂದೇ ಕಮಾನಾದರೆ ಆ ಎರಡು ವಸ್ತುಗಳು ಒಂದೇ. ಒಂದನ್ನೊಂದು ದಾಟಿ ಹೋದರೆ ಬೇರೆ ಬೇರೆ. ಈ ವಿಧಾನವನ್ನು 1940ರ ದಶಕದಲ್ಲಿ ರೂಪಿಸಿದವರು ಸ್ವೀಡನ್ನಿನ ಸೂಕ್ಷ್ಮಜೀವಿ ವಿಜ್ಞಾನಿ ಓರ್ಯನ್ ಆಖ್ಟರ್‌ಲೋನಿ. ಅವರು 1914ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡರು.

ಒಂದು ದಿನ ಒಬ್ಬಳು ವಿದ್ಯಾರ್ಥಿನಿ ತಟ್ಟೆಯನ್ನು ಬೆಳಕಿಗೆ ಹಿಡಿದುಕೊಂಡೇ, “ಮೇಡಂ, ಇದು ಸ್ವೀಡನ್ ಹೆಸರಿನ ಹಾಗೆ ಕಾಣುವುದಿಲ್ಲವಲ್ಲ, ಎಲ್ಲಿಯದು ಇದು?” ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅದಾದ ಕೆಲವೇ ತಿಂಗಳಲ್ಲಿ, ತಂಗಿಯ ಮಗಳನ್ನು ಕೊಟ್ಟಿರುವ ಗೂಡಲೂರಿಗೆ ಹೋಗುವ ಸಂದರ್ಭ ಬಂತು. ಬಂಡೀಪುರ, ಮುದುಮಲೆಯ ಕಾಡು ದಾಟಿ ಗೂಡಲೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡಿನಲ್ಲಿ ‘ಓ ವ್ಯಾಲಿ’ ಎಂದಿತ್ತು. ಇದೇನು ಒಂದೇ ಅಕ್ಷರದ ಊರು ಎಂದು ವಿಚಾರಿಸಿದರೆ, ತಂಗಿಯ ಅಳಿಯ, “ದೊಡ್ಡಮ್ಮ, ಅದು ಆಖ್ಟರ್‌ಲೋನಿ ವ್ಯಾಲಿ. ಅಷ್ಟುದ್ದ ಯಾರು ಹೇಳುತ್ತಾರೆ, ಎಲ್ಲರೂ ಓ ವ್ಯಾಲಿ ಅನ್ನುವುದೇ” ಎಂದರು. ಪ್ರಯೋಗಾಲಯದ ತಟ್ಟೆಯ ಹೆಸರು ನೀಲಗಿರಿಯ ಬಸ್ಸಿನ ಮೇಲೆ ಹೇಗೆ ಬಂತು ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಶಿವಮೊಗ್ಗಕ್ಕೆ ಮರಳಿದೆ.

ಈ ಸೇವೆಗೆ ಬರುವ ಮೊದಲು ಒಂದು ತಪ್ಪು ಹಾದಿ ಹಿಡಿದಿದ್ದೆ. ಅದನ್ನು ಹೇಳುವುದು ಅಗತ್ಯ, ಏಕೆಂದರೆ ಹೆಸರಿನ ಮೂಲ ಹುಡುಕುವವರಲ್ಲಿ ಹೆಚ್ಚಿನವರು ಮೊದಲು ಎಡವುವುದು ಅಲ್ಲಿಯೇ. ಯಾವುದೇ ಮನೆತನದ ಹೆಸರು ಕೊಟ್ಟರೆ ಅದರ ಚರಿತ್ರೆಯನ್ನೂ ವಂಶಲಾಂಛನವನ್ನೂ ಅಂದವಾಗಿ ಮುದ್ರಿಸಿ ಕೊಡುವುದಾಗಿ ಹೇಳುವ ಒಂದು ಆನ್‌ಲೈನ್ ಅಂಗಡಿಯಿಂದ ದುಡ್ಡು ಕೊಟ್ಟು ಒಂದು ಪ್ರತಿ ತರಿಸಿದೆ. ಬಂದದ್ದು ಹಳದಿ ಕಾಗದದ ಮೇಲೆ ಒಂದು ಗುರಾಣಿಯ ಚಿತ್ರ, ಕೆಳಗೆ ಎರಡು ಪ್ಯಾರಾ ಬರಹ. ಅದರಲ್ಲಿ ಊರಿಲ್ಲ, ವರ್ಷವಿಲ್ಲ. ‘ಈ ಪುರಾತನ ಮತ್ತು ಗೌರವಾನ್ವಿತ ಮನೆತನ’ ಎಂಬಂಥ ಮಾತುಗಳನ್ನು ಯಾವ ಹೆಸರಿನ ಕೆಳಗೆ ಅಂಟಿಸಿದರೂ ಹೊಂದುತ್ತದೆ. ಅದೇ ಅಂಗಡಿಯ ಪುಟದಲ್ಲಿ ಬೇರೊಂದು ಹೆಸರನ್ನು ಒತ್ತಿ ನೋಡಿದಾಗ ಅವೇ ಸಾಲುಗಳು ಹೆಸರು ಮಾತ್ರ ಬದಲಾಗಿ ಬಂದವು. ಆಮೇಲೆ ತಿಳಿದುಕೊಂಡ ವಿಷಯ ಇನ್ನೂ ಮುಖ್ಯವಾದದ್ದು: ಸ್ಕಾಟ್‌ಲೆಂಡಿನ ಕಾನೂನಿನ ಪ್ರಕಾರ ಲಾಂಛನ ಒಂದು ಹೆಸರಿನವರೆಲ್ಲರ ಆಸ್ತಿಯಲ್ಲ. ಅದನ್ನು ಒಬ್ಬ ವ್ಯಕ್ತಿಗೆ ಕೊಡಲಾಗುತ್ತದೆ ಮತ್ತು ಆ ವ್ಯಕ್ತಿಯ ವಾರಸುದಾರರಿಗೆ ಅದು ನಿಯಮಬದ್ಧವಾಗಿ ಹೋಗುತ್ತದೆ. ಇದನ್ನು ನೋಡಿಕೊಳ್ಳಲು ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವೇ ಇದೆ, ಮತ್ತು 1672ರ ಕಾಯ್ದೆಯಂತೆ ಎಲ್ಲ ಲಾಂಛನಗಳೂ ಅಲ್ಲಿನ ಪುಸ್ತಕದಲ್ಲಿ ದಾಖಲಾಗಬೇಕು. ‘ಹೆಸರಿನ ಲಾಂಛನ’ ಎಂಬ ಸರಕೇ ಅಲ್ಲಿ ಇಲ್ಲ ಎಂದ ಮೇಲೆ ಅದನ್ನು ಮಾರುವವರ ಚರಿತ್ರೆಯನ್ನು ನಂಬುವುದು ಹೇಗೆ? ಅಂಥದ್ದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಸ್ಕಾಟ್‌ಲೆಂಡ್ಸ್ ಪೀಪಲ್ ಇದಕ್ಕೆ ತದ್ವಿರುದ್ಧವಾದ ಸೇವೆ. ಅದು ಕಥೆ ಹೇಳುವುದಿಲ್ಲ, ದಾಖಲೆಯ ಪುಟವನ್ನು ಮುಂದಿಡುತ್ತದೆ. ಇಮೇಲ್ ವಿಳಾಸ ಕೊಟ್ಟು ಹೆಸರು ನೋಂದಾಯಿಸಿಕೊಂಡರೆ ಸೂಚಿಯನ್ನು ಹುಡುಕುವುದು ಉಚಿತ; ಮೂಲ ಪುಟದ ಚಿತ್ರವನ್ನು ತೆರೆದು ನೋಡಲು ಮಾತ್ರ ಹಣ. ಹಣವನ್ನು ಮೊದಲೇ ಕೊಟ್ಟು ‘ಕ್ರೆಡಿಟ್’ ಕೊಳ್ಳಬೇಕು. ನಾನು ಕೊಂಡಾಗ 30 ಕ್ರೆಡಿಟ್‌ಗಳಿಗೆ ಏಳೂವರೆ ಪೌಂಡ್ ಇತ್ತು, ಜನನ ಅಥವಾ ಮರಣದ ಒಂದು ಪುಟಕ್ಕೆ 6 ಕ್ರೆಡಿಟ್. ಅಂದರೆ ಒಂದು ಪುಟಕ್ಕೆ ಒಂದೂವರೆ ಪೌಂಡ್, ನಮ್ಮ ಲೆಕ್ಕದಲ್ಲಿ ನೂರೈವತ್ತು ರೂಪಾಯಿಗಿಂತ ಸ್ವಲ್ಪ ಮೇಲೆ. ಒಮ್ಮೆ ದುಡ್ಡು ಕೊಟ್ಟು ತೆರೆದ ಪುಟ ನಮ್ಮ ಖಾತೆಯಲ್ಲೇ ಉಳಿಯುತ್ತದೆ, ಮತ್ತೆ ನೋಡಲು ಮತ್ತೆ ಕೊಡಬೇಕಿಲ್ಲ. ನನ್ನ ಕಾರ್ಡಿಗೆ ವಿದೇಶಿ ವಹಿವಾಟಿನ ಅನುಮತಿ ಇಲ್ಲದ್ದರಿಂದ ಮೊದಲ ದಿನ ಹಣ ಹೋಗಲಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ತೆರೆದುಕೊಂಡ ಮೇಲೆ ಸರಿಹೋಯಿತು. ನಮ್ಮ ಕಡೆಯವರು ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಹುಡುಕಾಟದ ಪೆಟ್ಟಿಗೆಯೇ ಈ ಸೇವೆಯ ಜೀವಾಳ. ಆಖ್ಟರ್‌ಲೋನಿಯಂಥ ಹೆಸರಿಗೆ ಕಷ್ಟ ಶುರುವಾಗುವುದೂ ಅಲ್ಲಿಂದಲೇ. ಕನ್ನಡದಲ್ಲಿ ಕಿವಿಗೆ ಬಿದ್ದಂತೆ ಬರೆದುಬಿಟ್ಟರೆ ಮುಗಿಯಿತು. ಇಂಗ್ಲಿಷಿನಲ್ಲಿ ಈ ಹೆಸರನ್ನು ‘ಎ, ಯು’ ಎಂದು ಆರಂಭಿಸಿ ಬರೆಯುವವರಿದ್ದಾರೆ, ‘ಓ, ಯು’ ಎಂದು ಆರಂಭಿಸುವವರಿದ್ದಾರೆ, ಬರಿಯ ‘ಓ’ದಿಂದ ಆರಂಭಿಸುವವರೂ ಇದ್ದಾರೆ. ಕೊನೆಯಲ್ಲಿ ಕೆಲವರು ‘ಐ, ಇ’ ಹಾಕುತ್ತಾರೆ, ಕೆಲವರು ‘ವೈ’. ನಡುವಿನ ‘ಸಿ, ಎಚ್’ ಸ್ಕಾಟರ ಗಂಟಲಿನ ಆಳದಿಂದ ಬರುವ ಧ್ವನಿ. ಅದಕ್ಕೆ ಹತ್ತಿರವಾಗಿ ನಾನು ‘ಖ್’ ಎಂದು ಬರೆಯುತ್ತಿದ್ದೇನೆ, ಆದರೆ ಅದು ನಮ್ಮ ಮಹಾಪ್ರಾಣವಲ್ಲ, ಉರ್ದುವಿನ ‘ಖಬರ್’ನಲ್ಲಿ ಕೇಳುವ ಉಜ್ಜಿದ ಧ್ವನಿ. ಪಾದ್ರಿ ಅಥವಾ ಗುಮಾಸ್ತ ತನ್ನ ಕಿವಿಗೆ ಕೇಳಿದಂತೆ ಬರೆದ ಕಾಲದಲ್ಲಿ ಒಂದೇ ಮನೆಯ ಅಣ್ಣ ತಮ್ಮಂದಿರ ಹೆಸರೂ ಬೇರೆ ಬೇರೆ ಕಾಗುಣಿತ ಪಡೆದದ್ದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಪರಿಹಾರವಾಗಿ ಸೇವೆಯವರು ಹಲವು ಬಗೆಯ ಹುಡುಕಾಟಗಳನ್ನು ಇಟ್ಟಿದ್ದಾರೆ. ಬರೆದಂತೆಯೇ ಹುಡುಕಬಹುದು; ಹತ್ತಿರದ ಕಾಗುಣಿತಗಳನ್ನೂ ಸೇರಿಸಿ ಹುಡುಕಬಹುದು; ನಕ್ಷತ್ರ ಚಿಹ್ನೆ ಹಾಕಿ ಅಲ್ಲಿ ಯಾವ ಅಕ್ಷರಗಳಿದ್ದರೂ ಸರಿ ಎನ್ನಬಹುದು; ‘ಸೌಂಡೆಕ್ಸ್’ ಎಂಬ ಹಳೆಯ ಧ್ವನಿ ಸಂಕೇತದ ಮೂಲಕವೂ ಹುಡುಕಬಹುದು. ಹೊಸಬರು ಸಾಮಾನ್ಯವಾಗಿ ಸೌಂಡೆಕ್ಸನ್ನು ನಂಬುತ್ತಾರೆ, ನಾನೂ ನಂಬಿದೆ. ಆದರೆ ಅದರ ನಿಯಮವನ್ನು ತಿಳಿಯದೆ ಬಳಸಿದರೆ ಅರ್ಧ ಮನೆತನವೇ ಕಣ್ಮರೆಯಾಗುತ್ತದೆ. ಸೌಂಡೆಕ್ಸ್ ಹೆಸರಿನ ಮೊದಲ ಅಕ್ಷರವನ್ನು ಇದ್ದ ಹಾಗೆ ಉಳಿಸಿಕೊಳ್ಳುತ್ತದೆ, ಆಮೇಲಿನ ಸ್ವರಗಳನ್ನು ಕೈಬಿಡುತ್ತದೆ, ವ್ಯಂಜನಗಳನ್ನು ಗುಂಪು ಮಾಡಿ ಮೂರು ಅಂಕೆಗಳಾಗಿ ಬರೆಯುತ್ತದೆ. ಈ ಲೆಕ್ಕದಲ್ಲಿ ಆಖ್ಟರ್‌ಲೋನಿಯ ಎಲ್ಲ ರೂಪಗಳಿಗೂ 236 ಎಂಬ ಅಂಕೆಯೇ ಬರುತ್ತದೆ, ಆದರೆ ಒಂದು ಗುಂಪು ‘ಎ 236’ ಆಗುತ್ತದೆ, ಇನ್ನೊಂದು ‘ಓ 236’. ಧ್ವನಿಯಲ್ಲಿ ಅಕ್ಕತಂಗಿಯರಾದ ಎರಡು ಕಾಗುಣಿತಗಳು ಯಂತ್ರದ ಕಣ್ಣಿಗೆ ಸಂಬಂಧವೇ ಇಲ್ಲದವರಾಗುತ್ತಾರೆ. ಅಗರ್ ತಟ್ಟೆಯಲ್ಲಿ ಕೂಡಬೇಕಾಗಿದ್ದ ಎರಡು ಗೆರೆಗಳು ದಾಟಿ ಹೋದ ಹಾಗೆ ಇದು. ಆದ್ದರಿಂದ ಸ್ವರದಿಂದ ಆರಂಭವಾಗುವ ಯಾವುದೇ ಸ್ಕಾಟಿಷ್ ಹೆಸರನ್ನು ಹುಡುಕುವವರು ಎರಡೂ ಮೂರೂ ಮೊದಲಕ್ಷರಗಳಿಂದ ಬೇರೆ ಬೇರೆಯಾಗಿ ಹುಡುಕಲೇಬೇಕು. ನಕ್ಷತ್ರ ಚಿಹ್ನೆಯ ಹುಡುಕಾಟ ನನಗೆ ಎಲ್ಲಕ್ಕಿಂತ ಹೆಚ್ಚು ಒದಗಿತು. ಬದಲಾಗದೆ ಉಳಿದ ವ್ಯಂಜನಗಳನ್ನು ಇಟ್ಟುಕೊಂಡು ಸ್ವರಗಳ ಜಾಗವನ್ನು ತೆರೆದು ಬಿಟ್ಟರೆ ಚದುರಿದ್ದವರೆಲ್ಲ ಒಂದೇ ಪಟ್ಟಿಗೆ ಬಂದು ನಿಲ್ಲುತ್ತಾರೆ.

ನಾನು ಹಣ ಕೊಟ್ಟು ತೆರೆದ ಮೊದಲ ಪುಟ 1872ರದು, ಫೈಫ್ ಪ್ರಾಂತದ ಸೇಂಟ್ ಆ್ಯಂಡ್ರೂಸ್ ಪಟ್ಟಣದ ಜನನ ದಾಖಲೆ. ಅಲ್ಲಿ ಆ ವರ್ಷ ಹುಟ್ಟಿದ ವಿಲ್ಲಿ ಆಖ್ಟರ್‌ಲೋನಿ ಮುಂದೆ 1893ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಗಾಲ್ಫ್ ಆಟದ ಬ್ರಿಟಿಷ್ ಓಪನ್ ಗೆದ್ದವರು. ಅವರ ಅಣ್ಣ ಲಾರಿ 1902ರಲ್ಲಿ ಅಮೆರಿಕದ ಓಪನ್ ಗೆದ್ದರು. ಗಾಲ್ಫ್ ಕೋಲು ತಯಾರಿಸುವ ಆ ಮನೆಯಿಂದಾಗಿಯೇ ಸೇಂಟ್ ಆ್ಯಂಡ್ರೂಸಿನಲ್ಲಿ ಈ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಜನನ ದಾಖಲೆಯ ಒಂದು ಪುಟದಲ್ಲಿ ಮೂರು ಮಕ್ಕಳ ವಿವರ ಇರುತ್ತದೆ. ಎಡಕ್ಕೆ ಮಗುವಿನ ಹೆಸರು. ಮುಂದಿನ ಅಂಕಣದಲ್ಲಿ ಹುಟ್ಟಿದ ದಿನ, ಸ್ಥಳ ಮತ್ತು ಗಳಿಗೆ. ಆಮೇಲೆ ತಂದೆಯ ಹೆಸರು ಮತ್ತು ಕಸುಬು, ತಾಯಿಯ ಹೆಸರು ಮತ್ತು ಅವಳ ತವರಿನ ಮನೆತನದ ಹೆಸರು, ತಂದೆತಾಯಿಯರ ಮದುವೆ ನಡೆದ ದಿನ ಮತ್ತು ಊರು. ಬಲಕ್ಕೆ ವಿಷಯ ತಿಳಿಸಿದವರ ಸಹಿ. ಹುಟ್ಟಿದ ಗಳಿಗೆಯನ್ನು ಎಲ್ಲ ಮಕ್ಕಳಿಗೂ ಬರೆದಿಡುವ ಪದ್ಧತಿ ಪಕ್ಕದ ಇಂಗ್ಲೆಂಡಿನಲ್ಲಿ ಇಲ್ಲ. ಜಾತಕ ಬರೆಸುವ ನಮ್ಮ ಹಿರಿಯರು ಆ ಅಂಕಣವನ್ನು ನೋಡಿದ್ದರೆ ಎಷ್ಟು ಮೆಚ್ಚುತ್ತಿದ್ದರೋ! ಚಿತ್ರದ ಗುಣಮಟ್ಟ ಚೆನ್ನಾಗಿದೆ; ಶಾಯಿಯ ಗೆರೆ ಎಲ್ಲಿ ದಪ್ಪಗಾಗಿದೆ, ಬರೆಯುವವನು ಎಲ್ಲಿ ಲೇಖನಿಯನ್ನು ಮತ್ತೆ ಅದ್ದಿದ್ದಾನೆ ಎಂಬುದೂ ಕಾಣುತ್ತದೆ.

ಮನೆತನದ ಹೆಸರಿನ ಬೆನ್ನು ಹತ್ತುವವರಿಗೆ ಆ ದೇಶದ ದಾಖಲೆಗಳಲ್ಲಿ ದೊಡ್ಡ ಉಪಕಾರವಾಗುವುದು ಹೆಂಗಸರ ವಿವರ. ಮದುವೆಯಾದ ಮೇಲೂ ಅವರ ತವರಿನ ಹೆಸರು ಅಳಿಸಿಹೋಗುವುದಿಲ್ಲ. ಮರಣ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರಿನ ಜತೆಗೆ ತಾಯಿಯ ತವರಿನ ಹೆಸರೂ ಇರುತ್ತದೆ. ಹೀಗಾಗಿ ಅಪರೂಪದ ಒಂದು ಹೆಸರು ಮಗಳ ಮದುವೆಯೊಂದಿಗೆ ಕಾಣೆಯಾಯಿತು ಎಂದುಕೊಂಡರೂ ಅವಳ ಮಕ್ಕಳ ದಾಖಲೆಯಲ್ಲಿ ಮತ್ತೆ ತಲೆ ಎತ್ತುತ್ತದೆ. ಸರ್ಕಾರಿ ನೋಂದಣಿ ಅಲ್ಲಿ ಆರಂಭವಾದದ್ದು 1855ರ ಜನವರಿ 1ರಂದು. ಆ ಮೊದಲ ವರ್ಷ ತುಂಬ ಹೆಚ್ಚಿನ ವಿವರ ಕೇಳಿ, ಬರೆಯುವವರಿಗೆ ಹೊರೆಯಾದ್ದರಿಂದ ಮರುವರ್ಷವೇ ಕಡಿಮೆ ಮಾಡಿದರು. ಆದ್ದರಿಂದ ನಿಮಗೆ ಬೇಕಾದ ವ್ಯಕ್ತಿಯ ದಾಖಲೆ 1855ರದೇ ಆಗಿದ್ದರೆ ಅದು ಅದೃಷ್ಟ.

1855ಕ್ಕಿಂತ ಹಿಂದಕ್ಕೆ ಹೋದರೆ ಸಿಗುವುದು ಚರ್ಚಿನ ಹಳೆಯ ಪುಸ್ತಕಗಳು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರಿನ ಎರೊಲ್ ಎಂಬ ಊರಿನದು, 1553ರದು. ಇವುಗಳಲ್ಲಿ ಹುಟ್ಟಿದ ದಿನಕ್ಕಿಂತ ಹೆಚ್ಚಾಗಿ ದೀಕ್ಷಾಸ್ನಾನದ ದಿನ ಸಿಗುತ್ತದೆ, ಎಷ್ಟೋ ಊರುಗಳ ಪುಸ್ತಕಗಳಲ್ಲಿ ನಡುನಡುವೆ ವರ್ಷಗಳೇ ಇಲ್ಲ. ಇನ್ನೊಂದು ತೊಡಕು ಊರಿನ ಹೆಸರುಗಳದು. ಆಖ್ಟರ್‌ಲೋನಿಗಳ ಮೂಲ ಪ್ರಾಂತ ಆ್ಯಂಗಸ್. ಆದರೆ 1928ರವರೆಗೆ ಸರ್ಕಾರಿ ಬಳಕೆಯಲ್ಲಿ ಅದನ್ನು ಫಾರ್ಫರ್‌ಶೈರ್ ಎನ್ನುತ್ತಿದ್ದರು. ಹಳೆಯ ಜನಗಣತಿಯ ಹಾಳೆಗಳಲ್ಲಿ ಆ್ಯಂಗಸ್ ಎಂದು ಹುಡುಕುತ್ತಾ ಎರಡು ಸಂಜೆಗಳನ್ನು ಕಳೆದ ಮೇಲೆ ನನಗೆ ಇದು ಹೊಳೆಯಿತು. ಜನಗಣತಿಯ ಹಾಳೆಗಳು 1841ರಿಂದ 1921ರವರೆಗೆ, ಹತ್ತು ವರ್ಷಕ್ಕೊಮ್ಮೆ, ತೆರೆದಿವೆ. ಬದುಕಿರುವವರ ಖಾಸಗಿತನಕ್ಕಾಗಿ ಜನನದ ಪುಟಗಳನ್ನು 100 ವರ್ಷ, ಮದುವೆಯವನ್ನು 75 ವರ್ಷ, ಮರಣದವನ್ನು 50 ವರ್ಷ ಚಿತ್ರರೂಪದಲ್ಲಿ ತೋರಿಸುವುದಿಲ್ಲ. ಈ ಕಟ್ಟುಪಾಡು ನ್ಯಾಯವಾದದ್ದೇ.

ಇಷ್ಟೆಲ್ಲ ಪುಟಗಳನ್ನು ಓದಿದ ಮೇಲೆ ಹೆಸರಿನ ಹರಹು ಕಣ್ಣಿಗೆ ಕಟ್ಟಿತು. ಆ್ಯಂಗಸ್ ಮತ್ತು ಅದರ ದಕ್ಷಿಣಕ್ಕೆ ಟೇ ನದಿಯ ಅಳಿವೆಯಾಚೆಯ ಫೈಫ್, ಇವೆರಡು ಪೂರ್ವ ಕರಾವಳಿಯ ಪ್ರಾಂತಗಳೇ ಇದರ ತವರು. ಹೆಸರಿನ ಮೂಲ ಒಂದು ಸ್ಥಳ: ಫಾರ್ಫರ್ ಪಟ್ಟಣದ ಹತ್ತಿರದ ಆಖ್ಟರ್‌ಲೋನಿ ಎಂಬ ಜಹಗೀರು. ‘ಆಖ್ಟರ್’ ಎಂಬುದು ಗೇಲಿಕ್ ಭಾಷೆಯ ‘ಉಅಖ್ದರ್’ ಎಂಬ ಮಾತಿನಿಂದ ಬಂದದ್ದು; ಅದರ ಅರ್ಥ ಮೇಲ್ಭಾಗ, ಎತ್ತರದ ನೆಲ. ಆಖ್ಟರಾರ್ಡರ್, ಆಖ್ಟರ್‌ಮಖ್ಟಿ ಎಂಬ ಊರುಗಳೂ ಅಲ್ಲಿ ಇವೆ. ನಮ್ಮಲ್ಲಿ ಮೇಲಿನಕೊಪ್ಪ, ಮೇಲಿನಹಳ್ಳಿ ಎಂದು ಕರೆಯುವ ಹಾಗೆಯೇ ಇದು. 1296ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನಿಗೆ ನಿಷ್ಠೆ ಸಲ್ಲಿಸಿದ ಸ್ಕಾಟಿಷ್ ಭೂಮಾಲೀಕರ ಪಟ್ಟಿಯಲ್ಲಿ ಆಖ್ಟರ್‌ಲೋನಿಯ ವಾಲ್ಟರ್ ಎಂಬಾತನ ಹೆಸರಿದೆ. ಆಗ ಅದು ಇನ್ನೂ ‘ಇಂಥ ಊರಿನವನು’ ಎಂಬ ವಿವರ. ಮುಂದೆ ಆ ಊರನ್ನು ಬಿಟ್ಟು ಹೋದವರ ಮಕ್ಕಳ ಬೆನ್ನಿಗೂ ಅಂಟಿಕೊಂಡು ಮನೆತನದ ಹೆಸರಾಯಿತು.

ಇದನ್ನು ಅರ್ಥ ಮಾಡಿಕೊಳ್ಳಲು ಮಲೆನಾಡಿನವರಿಗೆ ಯಾವ ನಿಘಂಟೂ ಬೇಡ. ನಮ್ಮಲ್ಲಿ ಮನುಷ್ಯನಿಗೆ ಮುಂಚೆ ಅವನ ಊರು ಬರುತ್ತದೆ. ಕಡಿದಾಳು ಮಂಜಪ್ಪನವರು, ಕಾಗೋಡು ತಿಮ್ಮಪ್ಪನವರು ಎಂದಾಗ ಊರೇ ಮೊದಲು ಕಿವಿಗೆ ಬೀಳುತ್ತದೆ. ಕುವೆಂಪು ಎಂಬ ಹೆಸರಿನ ಮೊದಲ ಅಕ್ಷರದಲ್ಲಿರುವುದೂ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯೇ, ಇಂಗ್ಲಿಷಿನಲ್ಲಿ ಕೆ.ವಿ. ಪುಟ್ಟಪ್ಪ ಎಂದು ಬರೆದಾಗ ಆ ಇಡೀ ಊರು ‘ಕೆ’ ಎಂಬ ಒಂದು ಅಕ್ಷರಕ್ಕೆ ಇಳಿಯುತ್ತದೆ. ಗೂಡಲೂರಿನ ಬಸ್ಸಿನ ಮೇಲೆ ಆಖ್ಟರ್‌ಲೋನಿ ಎಂಬ ಊರು ‘ಓ’ ಆಗಿ ನಿಂತದ್ದು ಅದೇ ಬಗೆಯಲ್ಲಿ. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರೂ 1957ರ ಮಂಗನ ಕಾಯಿಲೆಯ ನಂತರ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಸೇರಿತು. ಅಲ್ಲಿ ಅದನ್ನು ಓದುವವರಿಗೆ ಅದೊಂದು ಊರು, ಅಲ್ಲಿ ಮನೆಗಳಿವೆ, ತೋಟಗಳಿವೆ ಎಂಬ ಕಲ್ಪನೆ ಇರಲಾರದು. ಆಖ್ಟರ್‌ಲೋನಿ ಪರೀಕ್ಷೆಯನ್ನು ಇಪ್ಪತ್ತು ವರ್ಷ ಮಾಡಿಸಿದ ನನಗೂ ಅದರ ಹಿಂದೆ ಒಂದು ಎತ್ತರದ ನೆಲವಿದೆ ಎಂದು ತಿಳಿದಿರಲಿಲ್ಲ.

ನೀಲಗಿರಿಯ ಎಳೆ ಬಿಡಿಸಿಕೊಂಡದ್ದು ಹೀಗೆ. ಮದ್ರಾಸ್ ಎಂಜಿನಿಯರುಗಳ ಪಡೆಯ ಜಾನ್ ಆಖ್ಟರ್‌ಲೋನಿ 1840ರ ದಶಕದಲ್ಲಿ ನೀಲಗಿರಿಯ ಸರ್ವೆ ಮಾಡಿದರು. ಅವರ ಸಹೋದರ ಜೇಮ್ಸ್, ನಿಲಂಬೂರಿನ ಜಮೀನ್ದಾರರಾದ ತಿರುಮಲ್ಪಾಡರಿಂದ ಭೂಮಿ ಪಡೆದು, ಗೂಡಲೂರಿನ ಹತ್ತಿರದ ಆ ಕಣಿವೆಯಲ್ಲಿ 1845ರಿಂದೀಚೆಗೆ ಕಾಫಿ ತೋಟಗಳನ್ನು ಎಬ್ಬಿಸಿದರು. ಕಣಿವೆಗೆ ಅವರದೇ ಹೆಸರು ಬಂತು. ಅಲ್ಲಿನ ಎಸ್ಟೇಟೊಂದರ ಹೆಸರು ‘ಗೈಂಡ್’. ಸ್ಕಾಟ್‌ಲೆಂಡಿನ ಆ್ಯಂಗಸ್ಸಿನಲ್ಲಿ, ಆರ್ಬ್ರೋತ್ ಪಟ್ಟಣದ ಹತ್ತಿರ, ಆಖ್ಟರ್‌ಲೋನಿ ಮನೆತನದವರು ತಲೆಮಾರುಗಳಿಂದ ಬಾಳಿದ ಮನೆ ಮತ್ತು ಜಮೀನಿನ ಹೆಸರೂ ಗೈಂಡ್. ತಂಗಿಯ ಅಳಿಯ ಗೈಂಡ್ ಎಂಬ ಮಾತನ್ನು ಯಾವ ಎಣಿಕೆಯೂ ಇಲ್ಲದೆ ಆಡಿದ್ದರು, ನಾನೂ ಅದನ್ನು ಯಾವುದೋ ತಮಿಳು ಹೆಸರು ಇರಬೇಕು ಎಂದು ಬಿಟ್ಟಿದ್ದೆ. ಆ ಮನೆತನ ಆರ್ಬ್ರೋತಿನ ಸಮೀಪದ ಕೆಲ್ಲಿ ಎಂಬ ಕೋಟೆಮನೆಯನ್ನೂ 15ನೇ ಶತಮಾನದಿಂದ 17ನೇ ಶತಮಾನದ ಆರಂಭದವರೆಗೆ ಹಿಡಿದಿತ್ತು. ಊರಿನಿಂದ ಮನೆತನಕ್ಕೆ ಬಂದ ಹೆಸರು ಸಾವಿರಾರು ಮೈಲಿ ದಾಟಿ ಮತ್ತೆ ಊರಿನ ಹೆಸರಾದದ್ದನ್ನು ಕಂಡ ಆ ಸಂಜೆ ನನಗೆ ಆದ ಸಂತೋಷ ಸಣ್ಣದಲ್ಲ.

ಈಗ ಸೇವೆಯ ಮಿತಿಯ ಮಾತು. ಸ್ಕಾಟ್‌ಲೆಂಡ್ಸ್ ಪೀಪಲ್‌ನಲ್ಲಿರುವುದು ಬಹುಪಾಲು ಸ್ಕಾಟ್‌ಲೆಂಡಿನ ನೆಲದಲ್ಲಿ ಬರೆದಿಟ್ಟ ದಾಖಲೆಗಳು. ಈ ಹೆಸರನ್ನು ಹೊತ್ತವರಲ್ಲಿ ಇಂಡಿಯಾಕ್ಕೆ ಎಲ್ಲರಿಗಿಂತ ಹೆಚ್ಚು ಪರಿಚಿತರಾದ ಸರ್ ಡೇವಿಡ್ ಆಖ್ಟರ್‌ಲೋನಿ ಹುಟ್ಟಿದ್ದು 1758ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ, ತೀರಿಕೊಂಡದ್ದು 1825ರಲ್ಲಿ ಮೀರಟಿನಲ್ಲಿ. 1814ರಿಂದ 1816ರವರೆಗೆ ನಡೆದ ನೇಪಾಳ ಯುದ್ಧದ ಸೇನಾಪತಿ, ದೆಹಲಿಯ ರೆಸಿಡೆಂಟ್, ಅಂದರೆ ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ. ಅವರ ನೆನಪಿಗೆ 1828ರಲ್ಲಿ ಕಲ್ಕತ್ತದ ಮೈದಾನದಲ್ಲಿ ಎತ್ತಿದ 48 ಮೀಟರಿನ ಸ್ತಂಭವೇ 1969ರಲ್ಲಿ ಶಹೀದ್ ಮಿನಾರ್ ಎಂದು ಹೆಸರು ಬದಲಿಸಿಕೊಂಡದ್ದು. ದೆಹಲಿಯ ಜನ ಅವರ ಹೆಸರನ್ನು ತಿರುಗಿಸಿ ‘ಲೂನಿ ಅಖ್ತರ್’ ಎಂದು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದರು. ಇಂಥವರ ಹುಟ್ಟುಸಾವು ಈ ಸೇವೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ. ಸ್ವೀಡನ್ನಿಗೆ ಹೋಗಿ ನೆಲೆಸಿದ ಕವಲಿನ ಓರ್ಯನ್ ಅವರೂ ಇಲ್ಲಿ ಸಿಗುವುದಿಲ್ಲ. ಮದ್ರಾಸ್, ಬಂಗಾಳ, ಬೊಂಬಾಯಿ ಪ್ರಾಂತಗಳ ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪಟ್ಟಿಗಳ ನಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳನ್ನು ಕುರಿತೇ ಕೆಲಸ ಮಾಡುವ ‘ಫಿಬಿಸ್’ ಎಂಬ ಸಂಘದ ಹುಡುಕು ಪಟ್ಟಿಯನ್ನು ಉಚಿತವಾಗಿ ನೋಡಬಹುದು. ನಮ್ಮ ಬಾಬಾಬುಡನ್‌ಗಿರಿ, ಕೊಪ್ಪ, ಮೂಡಿಗೆರೆ ಸೀಮೆಯ ಹಳೆಯ ಪ್ಲಾಂಟರುಗಳ ಹೆಸರು ಹುಡುಕುವವರು ಮೊದಲು ಫಿಬಿಸ್‌ನಲ್ಲಿ ನೋಡಿ, ಆ ಮನುಷ್ಯ ಸ್ಕಾಟ್‌ಲೆಂಡಿನ ಯಾವ ಊರಿನವನು ಎಂಬ ಸುಳಿವು ಸಿಕ್ಕ ಮೇಲೆ ಸ್ಕಾಟ್‌ಲೆಂಡ್ಸ್ ಪೀಪಲ್‌ಗೆ ಬರುವುದು ಸರಿಯಾದ ಕ್ರಮ. ಹಾಗೆ ಮಾಡಿದರೆ ಖರ್ಚೂ ಉಳಿಯುತ್ತದೆ.

ಹರಹನ್ನು ನಕ್ಷೆಯ ಮೇಲೆ ತೋರಿಸುವ ಅನುಕೂಲ ಈ ಸೇವೆಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು. ಹುಡುಕಿದ ಹೆಸರುಗಳು ಪಟ್ಟಿಯಾಗಿ ಮಾತ್ರ ಬರುತ್ತವೆ. ಯಾವ ಪ್ರಾಂತದಲ್ಲಿ ಎಷ್ಟು ಎಂಬುದನ್ನು ನಾನು ನೋಟುಬುಕ್ಕಿನಲ್ಲಿ ಗೆರೆ ಎಳೆದು ಎಣಿಸಿಕೊಂಡೆ. ಹಳೆಯ ಕೈಬರಹ ಓದಲು ಅಭ್ಯಾಸ ಬೇಕು, 17ನೇ ಶತಮಾನದ ಪುಟಗಳಂತೂ ನನಗೆ ಇನ್ನೂ ಒಲಿದಿಲ್ಲ. ಆದರೆ ಪಟ್ಟಿಯಲ್ಲಿ ಹೆಸರು, ವರ್ಷ, ಊರು ಎಲ್ಲವೂ ಉಚಿತವಾಗಿ ಕಾಣುವುದರಿಂದ, ತಾಳ್ಮೆ ಇರುವವರು ಒಂದು ಹೆಸರಿನ ಹರಹನ್ನು ಸುಮಾರಾಗಿ ಅರಿಯಲು ಒಂದು ಪುಟವನ್ನೂ ಕೊಳ್ಳಬೇಕಾಗಿಲ್ಲ. ಇದು ಇಲಾಖೆಯವರ ಔದಾರ್ಯ. ದಾಖಲೆ ಸಾರ್ವಜನಿಕರದು ಎಂಬ ನಂಬಿಕೆ ಇಲ್ಲದೆ ಯಾವ ಇಲಾಖೆಯೂ ಹೀಗೆ ಮಾಡುವುದಿಲ್ಲ.

ನಾನು ಒಟ್ಟು ಎರಡು ಬಾರಿ, ಅರವತ್ತು ಕ್ರೆಡಿಟ್ ಕೊಂಡೆ. ಎಂಟು ಪುಟಗಳನ್ನು ತೆರೆದೆ, ಹನ್ನೆರಡು ಕ್ರೆಡಿಟ್ ಉಳಿದಿವೆ. ಅವುಗಳಲ್ಲಿ ಆರನ್ನು ಗೈಂಡ್ ಇರುವ ಕಾರ್ಮಿಲ್ಲಿ ಎಂಬ ಹಳ್ಳಿಯ ಒಂದು ಪುಟಕ್ಕೆಂದು ಎತ್ತಿಟ್ಟಿದ್ದೇನೆ. ವಿಲ್ಲಿ ಆಖ್ಟರ್‌ಲೋನಿಯ ಜನನದ ಪುಟವನ್ನು ಮುದ್ರಿಸಿ, ಅದರ ಪಕ್ಕ ಗೂಡಲೂರಿನ ಬಸ್ಸಿನ ಬೋರ್ಡಿನ ಚಿತ್ರ ಅಂಟಿಸಿ, ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಅಂಚೆಯಲ್ಲಿ ಕಳಿಸಿದೆ. ಅವಳು ಈಗ ಸಾಗರದಲ್ಲಿ ಕೆಲಸದಲ್ಲಿದ್ದಾಳೆ. “ಮೇಡಂ, ಎಡಗಡೆ ಮೂರನೇ ಸಾಲಿನಲ್ಲಿ ಏನು ಬರೆದಿದೆ ಅಂತ ಓದಲಿಕ್ಕೆ ಆಗಲಿಲ್ಲ” ಎಂದು ಫೋನು ಮಾಡಿದ್ದಳು. ಭೂತಗನ್ನಡಿ ಹಿಡಿದು ಓದಿ ಹೇಳಿದೆ.